ಕಬಕದ ಎರಡು ಪೆಟ್ಟಿಗೆಗಳು

ಮಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ಮಾಣಿಯನ್ನು ದಾಟಿ, ಪುತ್ತೂರು ಇನ್ನೇನು ಬಂದೀತೆಂದು ಪ್ರಯಾಣಿಕನು ತನ್ನ ಕೈಚೀಲವನ್ನು ತಡವಿಕೊಳ್ಳುವ ಹೊತ್ತಿಗೆ ಸಿಕ್ಕುವ ಕವಲುದಾರಿಯ ಪೇಟೆಗೆ ಕಬಕವೆಂದು ಹೆಸರು. ಬಲಕ್ಕೆ ಹೊರಳಿದರೆ ವಿಟ್ಲ. ನೆಟ್ಟಗೆ ಹೋದರೆ ಪುತ್ತೂರು, ಸುಳ್ಯ, ಅಲ್ಲಿಂದ ಮೇಲೆ ಮಡಿಕೇರಿ. ಚಹದ ಅಂಗಡಿ, ಜೀನಸಿನ ಅಂಗಡಿ, ಅಡಿಕೆ ಕೊಳ್ಳುವವರ ಮಳಿಗೆ, ಇವಿಷ್ಟನ್ನು ಬಿಟ್ಟರೆ ಯಾತ್ರಿಕನನ್ನು ಇಳಿಸಿಕೊಳ್ಳುವಂಥ ವಿಶೇಷವೇನೂ ಅಲ್ಲಿ ಕಾಣದು. ಆದರೂ ಈ ಹೆಸರು ದೂರದೂರದವರಿಗೆ ಪರಿಚಿತವಾಗಿದೆ. 1979ರಲ್ಲಿ ಹಾಸನ ಮಂಗಳೂರು ರೈಲುದಾರಿಯು ಪೂರ್ಣಗೊಂಡಾಗ ಪುತ್ತೂರಿನ ನಿಲ್ದಾಣದ ಫಲಕದ ಮೇಲೆ ‘ಕಬಕ ಪುತ್ತೂರು’ ಎಂಬ ಜೋಡಿ ಹೆಸರು ಬಂದಿತು. ಆಂಧ್ರದಲ್ಲಿಯೂ ಒಂದು ಪುತ್ತೂರು ಇರುವುದರಿಂದ ಹೆಸರುಗಳು ಬೆರೆತು ಹೋಗದಂತೆ ಇದೊಂದು ಅನುಕೂಲವೇ ಆಯಿತು. ದೊಡ್ಡ ಊರು ಚಿಕ್ಕ ಊರಿನ ಹೆಸರನ್ನು ಮುಂದಿಟ್ಟುಕೊಂಡು ನಡೆಯುವ ಉದಾಹರಣೆ ನಮ್ಮಲ್ಲಿ ಹೆಚ್ಚಿಲ್ಲ.

ಈ ಸೀಮೆಯ ಒಂದು ಸೋಜಿಗವನ್ನು ಘಟ್ಟದ ಮೇಲಿನ ವಾಚಕರಿಗೆ ತಿಳಿಸುವುದು ಆವಶ್ಯಕ. ಇಲ್ಲಿ ಅಂಗಳದಲ್ಲಿ ತುಳು, ಹವ್ಯಕರ ಜಗಲಿಯಲ್ಲಿ ಹವಿಗನ್ನಡ, ಪೇಟೆಯಲ್ಲಿ ಬ್ಯಾರಿ ಮತ್ತು ಕೊಂಕಣಿ, ತೆಂಕಣ ಕಡೆಯಿಂದ ಬಂದವರಲ್ಲಿ ಮಲೆಯಾಳ. ಎಲ್ಲರಿಗೂ ಸಮಾನವಾಗಿ ಓದಲು ಸಿಕ್ಕಿದುದು ಮಾತ್ರ ಕನ್ನಡ. ಹೀಗೆ ಗ್ರಂಥದ ಕನ್ನಡವೆಂಬುದು ಈ ಕಡೆಯವರಿಗೆ ಹುಟ್ಟಿನಿಂದ ಬಂದ ಮಾತಿಗಿಂತಲೂ ಪುಸ್ತಕದಿಂದ ಬಂದ ಮಾತಾಯಿತು. ಪುಸ್ತಕದ ಮೇಲೆ ಅವರಿಗೆ ಅಷ್ಟು ಮಮತೆ ಇರುವುದಕ್ಕೆ ಇದೂ ಒಂದು ಕಾರಣವಿರಬೇಕೆಂದು ನನಗೆ ತೋರುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರ ಮುದ್ರಣಾಲಯ. ಅಲ್ಲಿಯೇ 1843ರಲ್ಲಿ ಮೋಗ್ಲಿಂಗರ ‘ಮಂಗಳೂರ ಸಮಾಚಾರ’, 1894ರಲ್ಲಿ ಕಿಟ್ಟೆಲರ ನಿಘಂಟು. ಉಡುಪಿಯಲ್ಲಿ ಯಕ್ಷಗಾನ ಪ್ರಸಂಗಗಳ ಪುಸ್ತಿಕೆಗಳನ್ನು ಮನೆಮನೆಗೆ ಮುಟ್ಟಿಸಿದ ಪಾವಂಜೆ ಗುರುರಾಯರು. ಪುತ್ತೂರಿನಲ್ಲಿಯೇ ನಾಲ್ಕು ದಶಕಗಳ ಕಾಲ ಶಿವರಾಮ ಕಾರಂತರು ಮನೆ ಮಾಡಿಕೊಂಡಿದ್ದು, ಬರೆದದ್ದನ್ನು ತಾವೇ ಅಚ್ಚುಹಾಕಿಸುವ ಸಾಹಸವನ್ನೂ ನಡೆಸಿದರು. ಅವರ ತರುವಾಯ ಬೋಳಂತಕೋಡಿ ಈಶ್ವರ ಭಟ್ಟರು ಪುತ್ತೂರು ಕರ್ನಾಟಕ ಸಂಘದ ಮೂಲಕ ಪುಸ್ತಕ ಪ್ರಕಟನೆಯ ಕೆಲಸವನ್ನು ನಡೆಸಿಕೊಂಡು ಬಂದರು.

ಇಷ್ಟು ಪುಸ್ತಕಗಳು ಬಂದು ಸೇರಿದ ಈ ನಾಡಿಗೇ ಪುಸ್ತಕದ ಮೇಲೆ ಮುನಿಸುಳ್ಳ ದೇವರೊಬ್ಬನಿದ್ದಾನೆ, ಅವನು ಮಳೆರಾಯ. ವರುಷಕ್ಕೆ ಸುಮಾರು 150 ಅಂಗುಲ ಮಳೆ ಸುರಿಯುವಲ್ಲಿ ಆಷಾಢ ಮುಗಿಯುವಷ್ಟರಲ್ಲಿ ರಟ್ಟಿನ ಮೇಲೆ ಬೂಷ್ಟು, ಹೊಲಿಗೆಯಲ್ಲಿ ಹುಳು, ಗೋಡೆಯ ಬದಿಯಲ್ಲಿ ಗೆದ್ದಲಿನ ದಾರಿ. ಅಡಿಗೆಮನೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗುವಂತೆ ಪೆಟ್ಟಿಗೆಯಿಟ್ಟು, ಒಳಗೆ ಬಜೆಯ ಕೊಂಬನ್ನೋ ನುಸಿಗುಳಿಗೆಯನ್ನೋ ಹಾಕಿ, ಮಾರ್ಗಶಿರದ ಬಿಸಿಲಿಗೆ ಒಮ್ಮೆ ಹರಡಿದರೆ ಉಳಿದೀತು, ಇಲ್ಲವಾದರೆ ಇಲ್ಲ. ಹೊಗೆಯಿಲ್ಲದ ಒಲೆ ಬಂದ ಮೇಲೆ ಅಟ್ಟದ ಪುಸ್ತಕಗಳಿಗೆ ರಕ್ಷಣೆ ತಪ್ಪಿತೆಂಬುದನ್ನು ಯಾರೂ ಗಮನಿಸಲಿಲ್ಲ.

ನಮ್ಮ ಚಿಕ್ಕಪ್ಪನವರು ಕಬಕದ ಬಳಿಯಲ್ಲಿ ಪ್ರಾಥಮಿಕ ಶಾಲೆಯ ಅಧ್ಯಾಪಕರಾಗಿದ್ದು, ನಿವೃತ್ತರಾದ ಮೇಲೂ ಅಲ್ಲಿಯೇ ನೆಲಸಿದ್ದರು. ಅವರು ತೀರಿಕೊಂಡ ಮರುವರುಷದ ವೈಶಾಖದಲ್ಲಿ ಚಿಕ್ಕಮ್ಮನು ನನ್ನನ್ನು ಕರೆಸಿ, ಅಟ್ಟದ ಎರಡು ಪೆಟ್ಟಿಗೆಗಳನ್ನು ತೋರಿಸಿದಳು. ಹಂಚು ಸೋರುತ್ತದೆ, ತನಗೆ ಏಣಿ ಹತ್ತಲಾಗದು, ಮಳೆ ಹಿಡಿಯುವ ಮುಂಚೆ ಇವಕ್ಕೊಂದು ದಾರಿಯಾಗಬೇಕು ಎಂದಳು. ಆ ದಿವಸ ಬೆಳಿಗ್ಗೆಯೇ ಗುಜರಿಯವನು ಬಂದು ಕಿಲೋಗೆ ಹತ್ತು ರೂಪಾಯಿಯ ಲೆಕ್ಕ ಹೇಳಿ ಹೋಗಿದ್ದನಂತೆ.

“ಯಾರಿಗಾದರೂ ಕೊಡು ಮಗಾ, ಗುಜರಿಗೆ ಮಾತ್ರ ಬೇಡ. ಅವರು ಒಂದು ಪುಸ್ತಕದ ಮೇಲೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದವರು. ತಕ್ಕಡಿಯ ಮೇಲೆ ಹಾಕಿದ್ದನ್ನು ನಾನು ನೋಡಲಾರೆ,” ಎಂದಳು.

ದೊಡ್ಡವರ ಪುಸ್ತಕಗಳಿಗೆ ಒಂದು ನೆಲೆಯುಂಟು. ಮಂಜೇಶ್ವರದ ಗೋವಿಂದ ಪೈಗಳ ಗ್ರಂಥಭಂಡಾರವು ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನಲ್ಲಿ ಭದ್ರವಾಗಿದೆ. ಹಳ್ಳಿಯ ಅಧ್ಯಾಪಕನ ಇನ್ನೂರು ಪುಸ್ತಕಗಳನ್ನು ಯಾವ ಕಾಲೇಜು ಕೇಳೀತು? ಕಡೆಗೆ ಬೆಂಗಳೂರಿನ ಹಳೆಯ ಪುಸ್ತಕದ ವ್ಯಾಪಾರಿಗಳ ನೆನಪಾಗಿ, ಪೆಟ್ಟಿಗೆಗಳಿಗೆ ಹಗ್ಗ ಬಿಗಿದು, ಕಬಕ ಪುತ್ತೂರಿನಲ್ಲಿ ಹಗಲುಗಾಡಿಯನ್ನು ಹತ್ತಿದೆನು.

ಆ ದಾರಿಯ ಸೊಬಗನ್ನು ಅನೇಕರು ವರ್ಣಿಸಿರುವುದರಿಂದ ನಾನು ವಿಸ್ತರಿಸುವುದಿಲ್ಲ. ಸುಬ್ರಹ್ಮಣ್ಯ ರಸ್ತೆಯಿಂದ ಸಕಲೇಶಪುರದ ತನಕ 57 ಸುರಂಗಗಳು. ಮೀಟರ್ ಗೇಜಿನ ಹಳಿಗಳನ್ನು ಕಿತ್ತು ಅಗಲದ ಹಳಿ ಹಾಕುವ ಸಲುವಾಗಿ ಇದು ವರುಷಗಟ್ಟಲೆ ಮುಚ್ಚಿದ್ದು, 2007ರ ಕೊನೆಯಲ್ಲಿ ಪ್ರಯಾಣಿಕರ ಗಾಡಿಗಳು ಮರಳಿ ಓಡತೊಡಗಿದವು. ಎಡಕುಮೇರಿಯ ಕಾಡಿನ ನಡುವೆ ಗಾಡಿ ನಿಂತಾಗ ಎದುರಿಗೆ ಕುಳಿತಿದ್ದ ಗೃಹಸ್ಥರೊಬ್ಬರು ಪೆಟ್ಟಿಗೆಗಳಲ್ಲಿ ಏನಿದೆಯೆಂದು ಕೇಳಿದರು. ಪುಸ್ತಕವೆಂದೆ. “ಅಡಿಕೆಯಾದರೆ ಲಾಭವಿತ್ತು,” ಎಂದು ಅವರು ಕಿಟಿಕಿಯ ಕಡೆಗೆ ತಿರುಗಿದರು.

ಹಳೆಯ ಪುಸ್ತಕದ ವ್ಯಾಪಾರದಲ್ಲಿ ಬೆಂಗಳೂರಿಗೆ ಒಂದು ಚರಿತ್ರೆಯೇ ಇದೆ. ಅದರಲ್ಲಿ ಮೊದಲು ಹೇಳತಕ್ಕದ್ದು ‘ಸೆಲೆಕ್ಟ್’ ಎಂಬ ಅಂಗಡಿಯನ್ನು. 1945ರಲ್ಲಿ ಅದನ್ನು ಸ್ಥಾಪಿಸಿದವರು ಕೆ. ಬಿ. ಕೆ. ರಾಯರು. ಆ ಮೂರು ಅಕ್ಷರಗಳನ್ನು ಒಂದಾಗಿ ಓದಿದರೆ ಕಬಕವೆಂದೇ ಆಗುತ್ತದೆ! ನಮ್ಮ ಊರಿಗೂ ಅವರಿಗೂ ಇದಕ್ಕಿಂತ ಹೆಚ್ಚಿನ ಸಂಬಂಧವನ್ನು ನಾನರಿಯೆ. ಆದರೂ ಪೆಟ್ಟಿಗೆಯ ಮೇಲೆ ಕುಳಿತಿದ್ದವನಿಗೆ ಇದೊಂದು ಶುಭಶಕುನವೆಂದು ತೋರಿತು. ವಿಮಾನವಿದ್ಯೆಯ ಇಂಜಿನಿಯರಾಗಿದ್ದ ಅವರ ಮಗ ಕೆ. ಕೆ. ಎಸ್. ಮೂರ್ತಿಗಳು, ಆ ಉದ್ಯೋಗವನ್ನು ಬಿಟ್ಟು ಬ್ರಿಗೇಡ್ ರಸ್ತೆಯ ಓಣಿಯೊಳಗಿನ ಈ ಅಂಗಡಿಯನ್ನು ನಡೆಸಿದರು. ಇನ್ನು ಚರ್ಚ್ ಸ್ಟ್ರೀಟಿನ ‘ಬ್ಲಾಸಮ್’ ಅಂಗಡಿಯ ಮಾಯಿಗೌಡರು ಇಂಜಿನಿಯರಿಂಗ್ ವಿದ್ಯಾರ್ಥಿಯಾಗಿದ್ದಾಗಲೇ ಕಾಲುದಾರಿಯ ಮೇಲೆ ಪುಸ್ತಕ ಹರಡಿ ಮಾರಿದವರು. ಈ ಕಸುಬಿಗೂ ಇಂಜಿನಿಯರಿಂಗಿಗೂ ಏನೋ ಜನ್ಮಾಂತರದ ನಂಟಿರಬೇಕು. ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಮಾರಿದ ನಾಡು ನಮ್ಮದು. ಪುಸ್ತಕವನ್ನು ಹೊರುವುದರಲ್ಲಿ ನಾಚುವ ಕಾರಣವಿಲ್ಲವೆಂದು ನನಗೆ ನಾನೇ ಹೇಳಿಕೊಂಡೆನು.

ನಾನು ಹೋದದ್ದು ಅಂಥ ಹೆಸರಾಂತ ಅಂಗಡಿಗಲ್ಲ. ಸ್ನೇಹಿತರೊಬ್ಬರು ಹೇಳಿದ್ದ ಪೇಟೆಯ ಗಲ್ಲಿಯಲ್ಲಿನ ಒಂದು ಕೋಣೆಗೆ. ಅದರ ಯಜಮಾನರು ಅರುವತ್ತು ದಾಟಿದವರು, ಮಂಡ್ಯದ ಕಡೆಯವರು. ಬರೆಯುವುದಾದರೆ ತಮ್ಮ ಹೆಸರು ಬೇಡವೆಂದರು. ಅಂಗಡಿಯ ಅಗಲ ಎಂಟಡಿ, ಉದ್ದ ಇಪ್ಪತ್ತು. ನಡುವೆ ಒಬ್ಬರು ಬದಿಯಾಗಿ ನಡೆಯುವಷ್ಟು ದಾರಿ. ಉಳಿದುದೆಲ್ಲ ಪುಸ್ತಕ. ಅವರು ಪೆಟ್ಟಿಗೆಗಳನ್ನು ಕಂಡು, “ಇವತ್ತು ನೋಡೋದಕ್ಕಾಗೋಲ್ಲ ಸ್ವಾಮಿ. ನಾಳೆ ಬೆಳಿಗ್ಗೆ ಏಳಕ್ಕೆ ಬನ್ನಿ, ಜತೆಗೇ ಇರಿ,” ಎಂದರು. ಹೀಗಾಗಿ ಅವರ ಒಂದು ದಿವಸವನ್ನು ಆದ್ಯಂತವಾಗಿ ಕಾಣುವ ಅವಕಾಶ ನನಗೆ ದೊರೆಯಿತು.

ಪುಸ್ತಕದಂಗಡಿಯವನ ದಿನವೆಂದರೆ ಗದ್ದಿಗೆಯ ಮೇಲೆ ಕುಳಿತು ಓದುವುದೆಂದು ನಾನು ಬಗೆದಿದ್ದೆ. ಏಳು ಗಂಟೆಗೆ ನಾವು ಸೇರಿದ್ದು ಒಂದು ರದ್ದಿಯ ಗೋದಾಮಿನಲ್ಲಿ. ಹಿಂದಿನ ದಿವಸ ಊರೆಲ್ಲ ಸುತ್ತಿ ಬಂದ ಚೀಲಗಳನ್ನು ಅಲ್ಲಿ ನೆಲಕ್ಕೆ ಸುರಿಯುತ್ತಾರೆ. ಬಾಟಲಿ ಒಂದು ಕಡೆ, ತಗಡು ಒಂದು ಕಡೆ, ಕಾಗದ ಒಂದು ಕಡೆ. ಕಾಗದದ ಗುಡ್ಡೆಯ ಮುಂದೆ ನಮ್ಮ ಯಜಮಾನರು ಮೊಣಕಾಲೂರಿ ಕುಳಿತು, ಅಕ್ಕಿಯಲ್ಲಿ ಕಲ್ಲು ಆರಿಸುವ ಹೆಂಗಸಿನಂತೆ ಬೆರಳಾಡಿಸತೊಡಗಿದರು. ಎಂಟೂವರೆಯ ತನಕ ಆರಿಸಿ ಎದ್ದಾಗ ಅವರ ಕೈಯಲ್ಲಿದ್ದುದು ಹನ್ನೊಂದು ಪುಸ್ತಕ. ಅದರಲ್ಲೂ ಎರಡನ್ನು ಹಿಂದಕ್ಕೆ ಎಸೆದರು. ಎರಡರಲ್ಲಿಯೂ ಯಾವುದೋ ವಾಚನಾಲಯದ ಮೊಹರಿತ್ತು. “ಮೊಹರಿದ್ದರೆ ಮುಟ್ಟೋದಿಲ್ಲ. ಕದ್ದದ್ದೋ ಬಿಸಾಡಿದ್ದೋ, ನನಗೆ ಗೊತ್ತಾಗೋದು ಹೇಗೆ?” ಎಂದರು.

ಹತ್ತಕ್ಕೆ ಬಾಗಿಲು ತೆಗೆದು, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಬಳಿಕ ಧೂಳಿನ ಪೂಜೆ. ಒಣಗಿದ ಬಟ್ಟೆಯಿಂದ ಪ್ರತಿಯೊಂದು ಪುಸ್ತಕದ ತಲೆಯನ್ನು ಒರಸುವುದು. ಹಾಳೆಗಳನ್ನು ಬೀಸಣಿಗೆಯಂತೆ ಬಿಡಿಸಿ ಹುಳುವಿದೆಯೆ ಎಂದು ನೋಡುವುದು. ಸಂಶಯವಿದ್ದರೆ ಬೇರೆ ಡಬ್ಬದಲ್ಲಿ ಮುಚ್ಚಿಡುವುದು, ಒಂದು ರೋಗಿ ಇಡೀ ಸಾಲನ್ನು ಕೆಡಿಸುತ್ತದಂತೆ. ಕಾಗದದ ವಿಷಯದಲ್ಲಿ ಅವರಿಂದ ನಾನು ಒಂದು ಪಾಠ ಕಲಿತೆ. ಹಳೆಯದಾದಷ್ಟೂ ಕಾಗದ ಕೆಡುತ್ತದೆಯೆಂಬುದು ತಪ್ಪು. ಚಿಂದಿಯ ನಾರಿನಿಂದ ಮಾಡಿದ ಹಳೆಯ ಕಾಗದ ಇಂದಿಗೂ ಬೆಳ್ಳಗಿರುತ್ತದೆ. ಮರದ ತಿರುಳಿನ ಅಗ್ಗದ ಕಾಗದ ತನ್ನೊಳಗಿನ ಆಮ್ಲದಿಂದಲೇ ಕಂದಾಗಿ ಹಪ್ಪಳದಂತೆ ಮುರಿಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಕಾಗದಕ್ಕೆ ಬರ ಬಂದಿದ್ದ ಕಾಲದ ಕನ್ನಡ ಪುಸ್ತಕಗಳನ್ನು ಅವರು ಮಗುವನ್ನು ಎತ್ತಿದಂತೆ ಎರಡು ಕೈಯಿಂದ ಎತ್ತುತ್ತಿದ್ದರು.

ಬೆಲೆಯನ್ನು ಮೊದಲ ಹಾಳೆಯ ಮೂಲೆಯಲ್ಲಿ ಸೀಸದಕಡ್ಡಿಯಿಂದಲೇ ಬರೆಯುವುದು ಅವರ ನೇಮ. ಶಾಯಿಯಲ್ಲಿ ಬರೆದರೆ ಪುಸ್ತಕಕ್ಕೆ ಗಾಯವಾಗುತ್ತದೆ. ಸೀಸದಕಡ್ಡಿಯಾದರೆ ಕೊಂಡವನು ಅಳಿಸಬಹುದು, ಮಾರಲಾರದಿದ್ದರೆ ತಾವೂ ಅಳಿಸಿ ಇಳಿಸಬಹುದು. ಅಂಗಡಿಗೆ ಅನ್ನ ಹಾಕುವುದು ಸಾಹಿತ್ಯವಲ್ಲ. ಜೂನ್ ತಿಂಗಳ ಪಠ್ಯಪುಸ್ತಕ, ಪರೀಕ್ಷೆಯ ಕೈಪಿಡಿ. ಆ ಎರಡು ತಿಂಗಳ ಗಳಿಕೆಯಲ್ಲಿ ವರುಷದ ಬಾಡಿಗೆ ಹೊರಡಬೇಕು. ಮಧ್ಯಾಹ್ನ ಬಂದ ಗಿರಾಕಿಗಳಲ್ಲಿ ಅರ್ಧ ಮಂದಿ ಪುಸ್ತಕವನ್ನು ಕೈಗೆತ್ತಿಕೊಂಡು, ಮೊಬೈಲಿನಲ್ಲಿ ಅದರ ಬೆಲೆ ನೋಡಿ, ಅಲ್ಲಿಯೇ ಇಟ್ಟು ಹೋದರು. ಯಜಮಾನರು ಕೋಪಿಸಿಕೊಳ್ಳಲಿಲ್ಲ. ಒಬ್ಬ ಹುಡುಗನು ಮಾತ್ರ ವ್ಯಾಕರಣದ ಪುಸ್ತಕವೊಂದನ್ನು ಅಂಗಡಿಯಲ್ಲಿ ನಿಂತೇ ಮುಕ್ಕಾಲು ಗಂಟೆ ಓದಿ, ಕೊಳ್ಳದೆ ಹೊರಟನು. ಅವನ ಹಿಂದೆ, “ನಾಳೆಯೂ ಬಾರಪ್ಪ, ಗುರುತು ಇಟ್ಟಿದ್ದೀನಿ,” ಎಂದು ಕೂಗಿ ಹೇಳಿದರು.

ಅವರಲ್ಲಿ ಒಂದು ತಗಡಿನ ಡಬ್ಬವಿದೆ. ಕೊಂಡ ಪುಸ್ತಕಗಳೊಳಗೆ ಸಿಕ್ಕಿದ ಚೀಟಿಗಳೆಲ್ಲ ಅದರಲ್ಲಿ: ತೀರಿಹೋದ ಸಾಲದ ರಸೀತಿ, ಬಸ್ಸಿನ ಟಿಕೇಟು, ಒಣಗಿದ ಸುರಗಿ ಹೂ, ಅಂಟಿಸದ ಅಂಚೆಚೀಟಿ, ಮಗಳಿಗೆ ಬರೆದು ಕಳುಹಿಸದೆ ಉಳಿದ ಕಾಗದ. ವಿಳಾಸವಿದ್ದರೆ ತಮ್ಮ ಖರ್ಚಿನಲ್ಲಿ ಅಂಚೆಗೆ ಹಾಕುತ್ತಾರೆ. ಇದು ವ್ಯಾಪಾರಕ್ಕೆ ಸೇರಿದ್ದೇ ಎಂದು ಕೇಳಿದೆ. “ನಾನು ಕೊಂಡದ್ದು ಪುಸ್ತಕ ಮಾತ್ರ ತಾನೆ?” ಎಂದರು.

ಸಂಜೆ ನನ್ನ ಪೆಟ್ಟಿಗೆಗಳ ಸರದಿ. ಬೆಲೆಯುಳ್ಳವೆಂದು ನಾನು ಮೇಲಿಟ್ಟಿದ್ದ ದಪ್ಪ ಗ್ರಂಥಗಳನ್ನು ಅವರು ಒಂದೊಂದಾಗಿ ಪಕ್ಕಕ್ಕಿಟ್ಟರು. 1958ರಲ್ಲಿ ಕುವೆಂಪು, ಮಾಸ್ತಿಯವರ ಸಂಪಾದಕತ್ವದಲ್ಲಿ ಮೈಸೂರು ಸರಕಾರವು ಎರಡೇ ರೂಪಾಯಿಗೆ ಕೊಟ್ಟ ಕುಮಾರವ್ಯಾಸ ಭಾರತವನ್ನು ನಾನು ಅಭಿಮಾನದಿಂದ ಮುಂದೆ ಚಾಚಿದರೆ, ಹಿಂದಿನ ಸಾಲಿನಲ್ಲಿ ಅದರ ನಾಲ್ಕು ಪ್ರತಿಗಳನ್ನು ತೋರಿಸಿದರು. ಎಲ್ಲರ ಮನೆಗೂ ಹೋದ ಪುಸ್ತಕಕ್ಕೆ ಪುಣ್ಯವುಂಟು, ಬೆಲೆಯಿಲ್ಲ. ಅದಕ್ಕೆ ಬದಲಾಗಿ, ಎಸೆಯಬೇಕೆಂದಿದ್ದ ಯಕ್ಷಗಾನ ಪ್ರಸಂಗದ ಸಣ್ಣ ಪುಸ್ತಿಕೆಗಳನ್ನೂ, ಮದರಾಸು ಆಧಿಪತ್ಯದ ಕಾಲದ ಶಾಲಾಪಾಠಗಳನ್ನೂ ಆಸೆಯಿಂದ ಆರಿಸಿಕೊಂಡರು. ಹಾಡುಗಾರರು ಬಳಸಿ ಹರಿದ, ಮಕ್ಕಳು ಗೀಚಿ ಎಸೆದ ಪುಸ್ತಕಗಳೇ ಉಳಿಯುವುದು ಅಪೂರ್ವವಂತೆ.

ಆಮೇಲೆ ಕೈಗೆ ಬಂದುದು ಕಾರಂತರ ‘ಬಾಲಪ್ರಪಂಚ’. 1936ರಲ್ಲಿ ಮೂರು ಸಂಪುಟಗಳಾಗಿ ಹೊರಬಂದ, ಮಕ್ಕಳಿಗಾಗಿ ಲೋಕದ ಸಂಗತಿಗಳನ್ನೆಲ್ಲ ಕೂಡಿಸಿಟ್ಟ ಗ್ರಂಥ. ಚಿಕ್ಕಪ್ಪನವರು ಅಧ್ಯಾಪಕರ ತರಬೇತಿಯಲ್ಲಿದ್ದಾಗ ಮಂಗಳೂರಿನಲ್ಲಿ ಅದನ್ನು ಯಾರಿಂದಲೋ ಹಳೆಯದಾಗಿಯೇ ಕೊಂಡಿದ್ದರು. ಮೊದಲ ಹಾಳೆಯಲ್ಲಿ ಬೇರೆಯವರ ಹೆಸರನ್ನು ಹೊಡೆದುಹಾಕದೆ ಅದರ ಕೆಳಗೆ ತಮ್ಮ ಹೆಸರನ್ನು ಬರೆದಿದ್ದರು. ಪೆಟ್ಟಿಗೆಯಲ್ಲಿದ್ದುದು ಒಂದನೆಯದು ಮತ್ತು ಮೂರನೆಯದು.

“ಎರಡನೇದು?”

“ಇಲ್ಲ.”

ಅವರ ಮುಖ ಬಾಡಿತು. ಮೂರೂ ಇದ್ದರೆ ಕೇಳಿದ ಬೆಲೆ ಕೊಡುವವರಿದ್ದಾರೆ. ಒಂದು ತಪ್ಪಿದರೆ ಕೊಳ್ಳುವವರೇ ಇಲ್ಲವೆಂದರು. ಪೆಟ್ಟಿಗೆಯ ಅಡಿಯಿಂದ ಉದ್ದನೆಯ ಒಂದು ಲೆಕ್ಕದ ಪುಸ್ತಕವನ್ನು ತೆಗೆದುದೂ ಅವರೇ. ನಾನು ಅದನ್ನು ತೋಟದ ಲೆಕ್ಕವೆಂದು ತಿಳಿದು ಬಿಚ್ಚಿರಲೇ ಇಲ್ಲ. 1961ರಿಂದ ಆರಂಭವಾಗಿ ನಾಲ್ಕು ಅಂಕಣಗಳು: ಪುಸ್ತಕ, ಒಯ್ದವರು, ಒಯ್ದ ದಿನ, ತಂದ ದಿನ. ಕಬಕದಲ್ಲಿ ಯಾರು ಏನನ್ನು ಓದಿದರೆಂಬುದು ಅಲ್ಲಿ ಮೂವತ್ತು ವರುಷಗಳ ಕಾಲ ದಾಖಲಾಗಿತ್ತು. ಬೀಡಿ ಕಟ್ಟುವವರು, ಬಸ್ಸಿನ ಏಜೆಂಟರು, ಅಂಚೆಯವರು, ಮದುವೆಯಾಗಿ ಬಂದ ಹೊಸ ಸೊಸೆಯಂದಿರು. ಅತ್ತೆಗೆ ತಿಳಿಯದಂತೆ ಒಯ್ದವರ ಹೆಸರಿನ ಬದಲು ಮನೆಯ ಹೆಸರು ಮಾತ್ರ. ಒಬ್ಬ ಹುಡುಗನು ‘ಚೋಮನ ದುಡಿ’ಯನ್ನು ಐದು ಬಾರಿ ಒಯ್ದಿದ್ದಾನೆ.

ಯಜಮಾನರು ಕನ್ನಡಕ ಒರಸಿಕೊಂಡು ಅರ್ಧ ಗಂಟೆ ಅದನ್ನೇ ಓದಿದರು. ಗಿರಾಕಿಯೊಬ್ಬರು ಬಂದು ಕೂಗಿದರೂ ಏಳಲಿಲ್ಲ. ಬಳಿಕ ಅದನ್ನು ನನ್ನ ಕೈಗಿತ್ತು, “ಇದಕ್ಕೆ ನಾನು ಬೆಲೆ ಹೇಳೋದಿಲ್ಲ. ಹೇಳಿದರೆ ನೀವು ಕೊಟ್ಟುಬಿಡ್ತೀರಿ,” ಎಂದರು. ಬೆರಳಿಟ್ಟು ಒಂದು ಸಾಲನ್ನು ತೋರಿಸಿದರು: ಬಾಲಪ್ರಪಂಚ, ಎರಡನೆಯದು, ಒಯ್ದದ್ದು 1974ರ ಜೂನ್, ತಂದ ದಿನದ ಅಂಕಣ ಬರಿದು.

ಆರಿಸಿದ ಪುಸ್ತಕಗಳಿಗೆ ಮೂರು ಸಾವಿರದ ಇನ್ನೂರು ರೂಪಾಯಿ ಎಣಿಸಿಕೊಟ್ಟರು. ‘ಬಾಲಪ್ರಪಂಚ’ದ ಎರಡು ಸಂಪುಟಗಳನ್ನು ಮಾತ್ರ ಲೆಕ್ಕಕ್ಕೆ ಸೇರಿಸದೆ ದಾರ ಕಟ್ಟಿ ಮೇಲಿನ ಸಾಲಿನಲ್ಲಿಟ್ಟು, ಒಂದು ತಿಂಗಳ ತನಕ ಯಾರಿಗೂ ತೋರಿಸುವುದಿಲ್ಲವೆಂದರು. ಬೇಡವಾದವುಗಳನ್ನು ಏನು ಮಾಡಲೆಂದು ಕೇಳಿದೆ. ಪಾಂಡವಪುರದ ಬಳಿಯ ಹರಳಹಳ್ಳಿಯಲ್ಲಿ, ಬಸ್ಸಿನ ಕಂಡಕ್ಟರಾಗಿ ಬದುಕನ್ನಾರಂಭಿಸಿದ ಅಂಕೇಗೌಡರು ಲಕ್ಷಗಟ್ಟಲೆ ಪುಸ್ತಕಗಳನ್ನು ಕೂಡಿಸಿ ‘ಪುಸ್ತಕ ಮನೆ’ಯನ್ನೇ ಕಟ್ಟಿರುವುದನ್ನು ತಿಳಿಸಿ, ಬೇಡವೆನ್ನದೆ ತೆಗೆದುಕೊಳ್ಳುವ ಇಂಥ ಸ್ಥಳಗಳನ್ನು ವಿಚಾರಿಸಬೇಕೆಂದರು.

ಕಬಕಕ್ಕೆ ಮರಳಿದ ಮರುದಿನವೇ, ಲೆಕ್ಕದ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ವಿಟ್ಲದ ದಾರಿಯಲ್ಲಿ ನಡೆದೆನು. ಆ ಸಾಲಿನಲ್ಲಿದ್ದುದು ಜೀನಸಿನ ಅಂಗಡಿ ನಡೆಸುತ್ತಿದ್ದ ಒಂದು ಬ್ಯಾರಿ ಮನೆತನ. ಐವತ್ತು ವರುಷದ ಹಿಂದಿನ ಪುಸ್ತಕವನ್ನು ಕೇಳುವುದು ಸಾಲ ವಸೂಲಿಗಿಂತಲೂ ಸಂಕೋಚದ ಕೆಲಸ. ಒಯ್ದಾತನು ಈಗಿಲ್ಲ. ಅವನ ತಂಗಿ, ತಲೆಗೆ ಬಿಳಿಯ ವಸ್ತ್ರ ಹೊದ್ದ ವೃದ್ಧೆ, ನನ್ನ ಮಾತನ್ನು ಕೇಳಿ ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಹಳೆಯ ಕ್ಯಾಲೆಂಡರಿನ ಹಾಳೆಯ ಹೊದಿಕೆ ಹಾಕಿದ ಸಂಪುಟವಿತ್ತು.

“ಮಾಸ್ಟ್ರ ಪುಸ್ತಕ ಅಂತ ಗೊತ್ತಿತ್ತು. ಅಣ್ಣ ಗಲ್ಫಿಗೆ ಹೋಗುವಾಗ ಕೊಟ್ಟು ಬಾ ಅಂತ ನನಗೆ ಹೇಳಿ ಹೋದ. ನಾನು ಓದಿ ಕೊಡುವ ಅಂತ ಇಟ್ಟುಕೊಂಡೆ. ಆಮೇಲೆ ಮಕ್ಕಳು ಓದಿದರು. ಆಮೇಲೆ ಕೊಡಲಿಕ್ಕೆ ನಾಚಿಕೆ ಆಯಿತು,” ಎಂದಳು. ಒಂದು ಹಾಳೆಯೂ ಹರಿದಿರಲಿಲ್ಲ. ಅಟ್ಟದಲ್ಲಿದ್ದ ಸಂಪುಟಗಳಿಗೆ ಹತ್ತಿದ್ದ ಬೂಷ್ಟು ಕೂಡ ಇದಕ್ಕೆ ಹತ್ತಿರಲಿಲ್ಲ.

ಚಿಕ್ಕಮ್ಮನು ಅದನ್ನು ಮಡಿಲಲ್ಲಿಟ್ಟುಕೊಂಡು ಹೊದಿಕೆಯನ್ನು ಸವರಿದಳು. ಲೆಕ್ಕದ ಪುಸ್ತಕವನ್ನು ತರಿಸಿ, ಕನ್ನಡಕ ಹಾಕಿ, ಬರಿದಾಗಿದ್ದ ಅಂಕಣದಲ್ಲಿ ಆ ದಿವಸದ ತಾರೀಕನ್ನು ನಿಧಾನವಾಗಿ ಬರೆದಳು.

“ಬೆಂಗಳೂರಿನವರಿಗೆ ಒಂದು ಕಾಗದ ಬರೆ. ಎರಡನೆಯದು ಸಿಕ್ಕಿತು, ಎಷ್ಟಾಗುತ್ತದೆ ಅಂತ ಕೇಳು.”

“ಮಾರುವುದಕ್ಕೆಯೇ?” ಎಂದೆ.

“ಅಲ್ಲ ಮಾರಾಯ, ಆ ಎರಡನ್ನು ಕಳುಹಿಸುವುದಕ್ಕೆ ಅಂಚೆಗೆ ಎಷ್ಟಾಗುತ್ತದೆ ಅಂತ. ಆಚೆಮನೆಯ ಹುಡುಗಿಗೆ ಈ ವರುಷ ಐದನೆಯ ತರಗತಿ.”